ಬೆಂಗಳೂರಿನಾಚೆ ಸ್ಟಾರ್ಟಪ್ ಮಾಡುವವರೇ, ಮೊದಲು ಯಾರ ಬಾಗಿಲು ತಟ್ಟುತ್ತೀರಿ?

ತಿಂಗಳಿಗೆ ಮೂರ್ನಾಲ್ಕು ಜನ ಇದೇ ಪ್ರಶ್ನೆ ಹಿಡಿದು ಫೋನ್ ಮಾಡುತ್ತಾರೆ. "ಅಣ್ಣಾ, ಪ್ರೊಡಕ್ಟ್ ಒಂದು ಹಂತಕ್ಕೆ ಬಂದಿದೆ. ಊರಲ್ಲೇ ಇನ್‌ಕ್ಯುಬೇಟರ್ ಸೇರಲಾ, ಎಲಿವೇಟ್‌ಗೆ ಅರ್ಜಿ ಹಾಕಲಾ, ಇಲ್ಲಾ ಬೆಂಗಳೂರಿಗೆ ಹೋಗಿ ಹೂಡಿಕೆದಾರರನ್ನ ಹುಡುಕಲಾ?" ಇನ್‌ಕ್ಯುಬೇಟರ್ ಎಂದರೆ ಹೊಸ ಕಂಪನಿಗೆ ಜಾಗ, ಲ್ಯಾಬು, ಮಾರ್ಗದರ್ಶನ ಕೊಟ್ಟು ಬೆಳೆಸುವ ಸಂಸ್ಥೆ, ಎಲಿವೇಟ್ ಎಂದರೆ ರಾಜ್ಯ ಸರ್ಕಾರದ ಅನುದಾನ ಯೋಜನೆ. ಎಲ್ಲರಿಗೂ ಅರ್ಧರ್ಧ ಹೇಳಿ ಸಾಕಾಗಿದೆ. ಒಂದೇ ಕಡೆ ಪೂರ್ತಿ ಬರೆದಿಡುತ್ತೇನೆ.

ನಮ್ಮದು ಒಣಮೆಣಸಿನಕಾಯಿಯ ತೇವಾಂಶ ಅಳೆಯುವ ಚಿಕ್ಕ ಯಂತ್ರ. ಮೂರು ಜನ ಸೇರಿ ಮಾಡಿದ್ದು. ಈ ಬಾಗಿಲುಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ತಟ್ಟಿದ್ದೇವೆ, ಕೆಲವು ಕಡೆ ಒಳಗೆ ಕರೆದರು, ಕೆಲವು ಕಡೆ "ನೋಡೋಣ" ಎಂದರು, ಒಂದು ಕಡೆ ಮೇಲ್‌ಗೆ ಉತ್ತರವೇ ಬರಲಿಲ್ಲ.

ಹೋಲಿಸುವ ಮೊದಲು ಒಂದು ಮಾತು. "ಯಾರು ಜಾಸ್ತಿ ದುಡ್ಡು ಕೊಡ್ತಾರೆ" ಎಂದು ಲೆಕ್ಕ ಹಾಕಲು ಕೂತರೆ ಎಡವುತ್ತೀರಿ. ನಿಮಗೆ ಸಹಾಯ ಮಾಡುವ ಪ್ರತಿಯೊಬ್ಬರೂ ಇನ್ಯಾರಿಗೋ ಲೆಕ್ಕ ಒಪ್ಪಿಸಬೇಕು. ಸರ್ಕಾರದವರು ಆಡಿಟ್‌ಗೆ, ಕಾಲೇಜಿನವರು ಆಡಳಿತ ಮಂಡಳಿಗೆ, ಹೂಡಿಕೆದಾರರು ತಮ್ಮ ದುಡ್ಡಿಗೆ, ಸೇವಾಸಂಸ್ಥೆಯವರು ದಾನಿಗಳಿಗೆ. ಅವರು ಯಾರಿಗೆ ಉತ್ತರ ಹೇಳಬೇಕೋ ಅದು ಗೊತ್ತಾದರೆ, ನಾಳೆ ನಿಮ್ಮಿಂದ ಏನು ಕೇಳುತ್ತಾರೆ ಎಂಬುದೂ ಗೊತ್ತಾಗುತ್ತದೆ.

ಊರಿನ ಇನ್‌ಕ್ಯುಬೇಟರ್

ಲಾಭಕ್ಕಲ್ಲದೆ ನಡೆಯುವ ಪ್ರಾದೇಶಿಕ ಸಂಸ್ಥೆ ಎಂದರೆ ನಮ್ಮ ಉತ್ತರ ಕರ್ನಾಟಕದಲ್ಲಿ ಮೊದಲು ನೆನಪಾಗುವುದು ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್. ಇದರ ಬೇರು ದೇಶಪಾಂಡೆ ಫೌಂಡೇಶನ್‌ನಲ್ಲಿದೆ. ಹುಬ್ಬಳ್ಳಿಯಲ್ಲೇ ಹುಟ್ಟಿ ಅಮೆರಿಕದಲ್ಲಿ ಸಿಕಮೋರ್ ನೆಟ್‌ವರ್ಕ್ಸ್ ಎಂಬ ದೂರಸಂಪರ್ಕ ಉಪಕರಣಗಳ ಕಂಪನಿ ಕಟ್ಟಿದವರಲ್ಲೊಬ್ಬರಾದ ಗುರುರಾಜ ದೇಶಪಾಂಡೆ ಮತ್ತು ಜಯಶ್ರೀ ದೇಶಪಾಂಡೆ 1996ರಲ್ಲಿ ಶುರು ಮಾಡಿದ್ದು ಅದು. ಆಮೇಲೆ 2002ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲೂ ಅವರ ಹೆಸರಿನ ತಂತ್ರಜ್ಞಾನ ಕೇಂದ್ರ ಬಂತು. ಫೌಂಡೇಶನ್ ನಮ್ಮ ಭಾಗದಲ್ಲಿ ಕೃಷಿ ಹೊಂಡ ತೋಡಿಸುವ ಕೆಲಸ ಮಾಡಿದೆ, ಯುವಕರಿಗೆ ಕೌಶಲ ತರಬೇತಿ ಕೊಡುತ್ತದೆ. ಇದನ್ನೇಕೆ ಹೇಳಿದೆ ಎಂದರೆ, ಊರಿನ ಸೇವಾಸಂಸ್ಥೆಯ ನಿಜವಾದ ಆಸ್ತಿ ಕಟ್ಟಡವಲ್ಲ, ಹಳ್ಳಿಯಲ್ಲಿ ಅವರಿಗೆ ಈಗಾಗಲೇ ಇರುವ ಪರಿಚಯ. ಕೃಷಿ, ನೀರು, ಆರೋಗ್ಯದಂಥ ವಿಷಯದಲ್ಲಿ ಕೆಲಸ ಮಾಡುವವರಿಗೆ ಇದು ಬೆಂಗಳೂರಿನ ಯಾವ ಗಾಜಿನ ಕಟ್ಟಡದಲ್ಲೂ ಸಿಗುವುದಿಲ್ಲ.

ನಮಗೆ ಆದದ್ದು ಹೇಳುತ್ತೇನೆ. ಸಂಸ್ಥೆಯ ಹೆಸರು ಬೇಡ, ಇಂಥದ್ದೇ ಒಂದು ಕಡೆ. ಮೊದಲ ಯಂತ್ರ ತಗೊಂಡು ಬ್ಯಾಡಗಿ ಮಾರುಕಟ್ಟೆಗೆ ಹೋದೆವು. ಅಲ್ಲಿ ಮೆಣಸಿನಕಾಯಿ ರಾಶಿಗಳ ನಡುವೆ ನಿಂತರೆ ಸೀನು ನಿಲ್ಲುವುದಿಲ್ಲ, ಅಷ್ಟು ಘಾಟು. ಸಂಜೆ ಹೊತ್ತಿಗೆ ಯಂತ್ರದ ಗುಂಡಿ ಒತ್ತಿದರೆ ಒಳಗೆ ಹೋಗುತ್ತಿತ್ತು, ಮೇಲೆ ಬರುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಗುಂಡಿಯ ಸುತ್ತ ಕೆಂಪು ಪುಡಿ ಗಾರೆಯ ಹಾಗೆ ಕೂತಿದೆ. ನಾವು ತಲೆ ಕೆಡಿಸಿಕೊಂಡು ಮಾಡಿದ ಸರ್ಕಿಟ್ ಚೆನ್ನಾಗೇ ಇತ್ತು, ಸೋತದ್ದು ಡಬ್ಬಿ. ಮರುದಿನ ಇನ್‌ಕ್ಯುಬೇಟರಿನ ಲ್ಯಾಬಿನಲ್ಲಿ ಕೆಲಸ ಮಾಡುವ ಒಬ್ಬರು ಅದನ್ನು ಕೈಯಲ್ಲಿ ಹಿಡಿದು, ಮೂಸಿ, ಒಂದು ಸೀನು ಸೀನಿ, "ಗುಂಡಿ ಯಾಕೆ ಬೇಕು ನಿಮಗೆ?" ಎಂದರು. ಗುಂಡಿಯ ಮೇಲೆ ಸಿಲಿಕೋನ್ ಪೊರೆ ಬಂತು, ಗಾಳಿಕಿಂಡಿ ಮೇಲಿಂದ ಕೆಳಕ್ಕೆ ಹೋಯಿತು, ತ್ರೀಡಿ ಪ್ರಿಂಟರಿನಲ್ಲಿ ಎರಡೇ ದಿನಕ್ಕೆ ಹೊಸ ಡಬ್ಬಿ ಕೈಗೆ ಬಂತು. ಅದನ್ನೇ ಹೊರಗೆ ಮಾಡಿಸಿದ್ದರೆ ಹದಿನೈದು ದಿನ, ಮೇಲೆ ಬಿಲ್ಲು.

ಅದಕ್ಕಿಂತ ದೊಡ್ಡ ಉಪಕಾರ ಬೇರೆ. ಅಲ್ಲಿನ ಮಾರ್ಗದರ್ಶಕರೊಬ್ಬರು ಸ್ವತಃ ದಲಾಲಿ ಮನೆತನದವರು. ನಮ್ಮ ಹತ್ತು ಸ್ಲೈಡ್ ನೋಡಿ ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ಕೊಳ್ಳೋದು ರೈತನಾ, ದಲಾಲನಾ?" ನಾವು ರೈತ ಎಂದೆವು. ಅವರು ನಕ್ಕರು. ರೈತ ವರ್ಷಕ್ಕೆ ಕೆಲವೇ ಸಲ ಮಾರುಕಟ್ಟೆಗೆ ಬರುತ್ತಾನೆ, ಅಷ್ಟಕ್ಕೆ ಯಂತ್ರ ಕೊಳ್ಳುವುದಿಲ್ಲ, ಆದರೆ ಕೋಲ್ಡ್ ಸ್ಟೋರೇಜಿನವನು ದಿನಾ ಅಳೆಯಬೇಕು. ಅಷ್ಟೇ ಹೇಳಿದ್ದು. ಮುಂದಿನ ವಾರ ಒಂದು ಕೋಲ್ಡ್ ಸ್ಟೋರೇಜಿಗೆ ತಾವೇ ಕರೆದುಕೊಂಡು ಹೋದರು. ನಮ್ಮ ಮೊದಲ ಬಿಲ್ಲು ಹರಿದದ್ದು ಅಲ್ಲೇ.

ಈಗ ಕಹಿ ಭಾಗ. ಇಂಥ ಸಂಸ್ಥೆಗಳ ಕೈಯಲ್ಲಿ ಸ್ವಂತ ದುಡ್ಡು ಕಡಿಮೆ. ಹೆಚ್ಚಿನವು ಸೆಕ್ಷನ್ 8 ಕಂಪನಿ (ಕಾಯ್ದೆಯಲ್ಲಿ ಲಾಭಕ್ಕಲ್ಲದ ಕಂಪನಿಗೆ ಇರುವ ಹೆಸರು) ಇಲ್ಲವೇ ಸೊಸೈಟಿ ಅಥವಾ ಟ್ರಸ್ಟ್. ದುಡ್ಡು ಬರುವುದು ದಾನಿಗಳಿಂದ, ಸರ್ಕಾರದ ಯೋಜನೆಗಳಿಂದ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಧಿಯಿಂದ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕಲ್ವಾ, ಸರ್ಕಾರದ ನೆರವಿರುವ ಇನ್‌ಕ್ಯುಬೇಟರ್‌ಗಳಿಗೆ ಕೊಟ್ಟದ್ದೂ ಆ ಲೆಕ್ಕಕ್ಕೆ ಬರುತ್ತದೆ. ಕೊಟ್ಟವರಿಗೆ ವರದಿ ಬೇಕು. ವರದಿಗೆ ಫೋಟೋ ಬೇಕು. ಹಾಗಾಗಿ ಯಾರೋ ಅತಿಥಿ ಬಂದರೆಂದರೆ ನಿಮ್ಮ ಮೇಜಿನ ಮುಂದೆ ಯಂತ್ರ ಇಟ್ಟುಕೊಂಡು ನಿಲ್ಲಬೇಕು. ತಿಂಗಳಿಗೊಮ್ಮೆ ಆದರೆ ಸರಿ, ಎರಡು ವಾರಕ್ಕೊಮ್ಮೆ ಆದರೆ ನೀವು ಕಂಪನಿ ನಡೆಸುತ್ತಿಲ್ಲ, ಮ್ಯೂಸಿಯಂ ನಡೆಸುತ್ತಿದ್ದೀರಿ. ನಾವು ಒಂದು ಹಂತದಲ್ಲಿ "ಗುರುವಾರ ಯಾರನ್ನೂ ಕರೆತರಬೇಡಿ" ಎಂದು ಕೇಳಿಕೊಂಡೆವು, ಪಾಪ, ಒಪ್ಪಿಕೊಂಡರು.

ಇನ್ನೊಂದು ತಪ್ಪು ತಿಳಿವಳಿಕೆ. ಲಾಭಕ್ಕಲ್ಲದ ಸಂಸ್ಥೆ ಎಂದರೆ ಷೇರು ಕೇಳುವುದಿಲ್ಲ ಎಂದಲ್ಲ. ಸೆಕ್ಷನ್ 8 ಕಂಪನಿ ತನ್ನ ಸದಸ್ಯರಿಗೆ ಲಾಭ ಹಂಚುವಂತಿಲ್ಲ, ಅಷ್ಟೇ. ನಿಮ್ಮ ಕಂಪನಿಯ ಸಣ್ಣ ಪಾಲು ತೆಗೆದುಕೊಂಡು, ನಾಳೆ ಅದು ಬೆಳೆದರೆ ಆ ದುಡ್ಡನ್ನು ಮುಂದಿನ ಸ್ಟಾರ್ಟಪ್‌ಗಳಿಗೆ ಹಾಕಬಹುದು. ಕೆಲವರು ಏನೂ ಕೇಳುವುದಿಲ್ಲ, ಕೆಲವರು ಬಾಡಿಗೆ ಮಾತ್ರ, ಕೆಲವರು ಒಂದೆರಡು ಪರ್ಸೆಂಟ್. ಕೇಳುವುದರಲ್ಲಿ ತಪ್ಪಿಲ್ಲ. ಯಾವುದಕ್ಕೆ ಕೇಳುತ್ತಿದ್ದಾರೆ ನೋಡಿ. ಬರೀ ಮೇಜು ಮತ್ತು ವೈಫೈಗೆ ಪಾಲು ಕೊಡಬೇಡಿ.

ಕಾಲೇಜಿನೊಳಗಿನ ಇನ್‌ಕ್ಯುಬೇಟರ್

ಮೈಸೂರಿನ ಎಸ್‌ಜೆಸಿಇ-ಸ್ಟೆಪ್, ಸುರತ್ಕಲ್ಲಿನ ಎನ್‌ಐಟಿಕೆ-ಸ್ಟೆಪ್, ಮಣಿಪಾಲದ ಎಂಯುಟಿಬಿಐ, ನಿಟ್ಟೆಯ ಅಟಲ್ ಇನ್‌ಕ್ಯುಬೇಷನ್ ಸೆಂಟರ್ ಇವೆಲ್ಲ ಈ ಗುಂಪು. ಬೆಂಗಳೂರಲ್ಲಿ ಐಐಎಂನ ಎನ್‌ಎಸ್‌ಆರ್‌ಸಿಇಎಲ್ 2000ರಿಂದಲೂ ಇದೆ. ಇಲ್ಲಿ ಸಿಗುವುದು ಯಂತ್ರ ಮತ್ತು ಮೇಷ್ಟ್ರು. ಒಂದು ಮಾದರಿಯನ್ನು ಪರೀಕ್ಷೆಗೆ ಹಾಕಬೇಕು, ಲೋಹದ ಗುಣ ನೋಡಬೇಕು, ವೈದ್ಯರ ಜೊತೆ ಕೂತು ಮಾತಾಡಬೇಕು ಎಂದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಜೀವವಿಜ್ಞಾನದವರಾದರೆ ಮಣಿಪಾಲದಂಥ ಆಸ್ಪತ್ರೆ ಪಕ್ಕದ ಜಾಗ ಅಥವಾ ಬೆಂಗಳೂರಿನ ಸಿ-ಕ್ಯಾಂಪ್ ಎಂಬ ಜೀವವಿಜ್ಞಾನ ಕೇಂದ್ರ ಬಿಟ್ಟು ಬೇರೆ ಕಡೆ ಸುತ್ತುವುದು ಸುಮ್ನೆ ಕಾಲಹರಣ. ಬಯೋಟೆಕ್‌ನವರಿಗೆ ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆ ಕೊಡುವ "ಬಿಗ್" ಎಂಬ ಅನುದಾನವೇ 50 ಲಕ್ಷದವರೆಗೆ ಇದೆ, ಅದರ ದಾರಿ ಇಂಥ ಕೇಂದ್ರಗಳ ಮೂಲಕವೇ.

ತೊಂದರೆ ಏನೆಂದರೆ ಕ್ಯಾಲೆಂಡರ್. ಪರೀಕ್ಷೆ ಬಂದರೆ ಲ್ಯಾಬ್ ಮುಚ್ಚುತ್ತದೆ, ರಜೆ ಬಂದರೆ ಸಹಾಯಕರು ಊರಿಗೆ. ಮತ್ತೆ, ಪೇಟೆಂಟ್ ಯಾರ ಹೆಸರಲ್ಲಿ ಎಂಬುದನ್ನು ಮೊದಲ ದಿನವೇ ಬರೆಸಿಕೊಳ್ಳಿ. ಪ್ರೊಫೆಸರ್ ಜೊತೆ ಸೇರಿ ಮಾಡಿದ ಕೆಲಸಕ್ಕೆ ಕಾಲೇಜಿನದೇ ನಿಯಮ ಇರುತ್ತದೆ.

ಅಟಲ್ ಸೆಂಟರ್ ವಿಷಯದಲ್ಲಿ ಒಂದು ಗೊಂದಲ ಪದೇಪದೇ ನೋಡುತ್ತೇನೆ. "ಅವರಿಗೆ 10 ಕೋಟಿ ಬಂದಿದೆಯಂತೆ, ನಮಗೂ ಕೊಡ್ತಾರಾ?" ಆ 10 ಕೋಟಿಯವರೆಗಿನ ನೆರವು ನೀತಿ ಆಯೋಗ ಐದು ವರ್ಷದಲ್ಲಿ ಇನ್‌ಕ್ಯುಬೇಟರ್ ಕಟ್ಟಲು, ನಡೆಸಲು ಕೊಡುವಂಥದ್ದು. ನಿಮ್ಮ ಕಂಪನಿಗೆ ಬರುವ ಚೆಕ್ ಅಲ್ಲ.

ಸರ್ಕಾರದ ಅನುದಾನ

ಕರ್ನಾಟಕದಲ್ಲಿ ಇದು ನಿಜಕ್ಕೂ ಒಳ್ಳೆಯ ದಾರಿ, ಬೈಯುವವರು ಬೈಯಲಿ. ರಾಜ್ಯದ ಎಲಿವೇಟ್ 2017ರಿಂದ ನಡೆಯುತ್ತಿದೆ, ಐಡಿಯಾವನ್ನು ಮಾದರಿಯ ಹಂತಕ್ಕೆ ತರಲು 50 ಲಕ್ಷದವರೆಗೆ ಅನುದಾನ, ಷೇರು ಕೊಡಬೇಕಾಗಿಲ್ಲ. ತೀರ್ಪುಗಾರರ ಮುಂದೆ ಪಿಚ್ ಮಾಡಬೇಕು. 50 ಎಂದು ಹೇಳಿದರೂ ಎಲ್ಲರಿಗೂ ಅಷ್ಟು ಸಿಗುವುದಿಲ್ಲ, ನಿಮ್ಮ ಬಜೆಟ್ ನೋಡಿ ಕಡಿಮೆ ಮಾಡುತ್ತಾರೆ. ದುಡ್ಡು ಕಂತಿನಲ್ಲಿ ಬರುತ್ತದೆ, ಹಿಂದಿನ ಕಂತಿನ ಲೆಕ್ಕ ಒಪ್ಪಿಸಿದ ಮೇಲೆ ಮುಂದಿನದು.

ಕೇಂದ್ರದ ಕಡೆ 2021ರಲ್ಲಿ, ನಾಲ್ಕು ವರ್ಷಕ್ಕೆಂದು, 945 ಕೋಟಿ ರೂಪಾಯಿಯ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ (ಆರಂಭದ ಹಂತದ ದುಡ್ಡು) ಬಂತು. ಅದರ ಚೌಕಟ್ಟು ನೆನಪಿಟ್ಟುಕೊಳ್ಳಿ, ಏಕೆಂದರೆ ಅರ್ಜಿದಾರರು ಇಲ್ಲೇ ಜಾಸ್ತಿ ಎಡವುವುದು. ಮಾದರಿ, ಪರೀಕ್ಷೆಗೆ 20 ಲಕ್ಷದವರೆಗೆ ಅನುದಾನ. ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ, ಆದರೆ ಅದು ಸಾಲ ಅಥವಾ ಆಮೇಲೆ ಷೇರಾಗುವ ಡಿಬೆಂಚರ್ (ಸಾಲಪತ್ರ) ರೂಪದಲ್ಲಿ. ಅರ್ಜಿ ಹಾಕುವ ದಿನಕ್ಕೆ ಕಂಪನಿ ಶುರುವಾಗಿ ಎರಡು ವರ್ಷ ದಾಟಿರಬಾರದು. ಕೇಂದ್ರದ ಕೈಗಾರಿಕಾ ಇಲಾಖೆಯಾದ ಡಿಪಿಐಐಟಿ ಕೊಡುವ ಸ್ಟಾರ್ಟಪ್ ಮಾನ್ಯತೆ ಬೇಕು. ಭಾರತೀಯ ಪ್ರವರ್ತಕರ ಪಾಲು ಕನಿಷ್ಠ ಶೇ. 51 ಇರಬೇಕು. ಬೇರೆ ಸರ್ಕಾರಿ ಯೋಜನೆಯಿಂದ 10 ಲಕ್ಷಕ್ಕಿಂತ ಜಾಸ್ತಿ ದುಡ್ಡಿನ ನೆರವು ಪಡೆದಿರಬಾರದು.

ಕೊನೆಯ ಸಾಲನ್ನು ಮತ್ತೊಮ್ಮೆ ಓದಿ. ಇದರಿಂದಾಗಿ ಯಾವ ಬಾಗಿಲು ಮೊದಲು, ಯಾವುದು ಆಮೇಲೆ ಎಂಬುದೇ ಬದಲಾಗಿಬಿಡುತ್ತದೆ. ಖುಷಿಯಲ್ಲಿ ಮೊದಲು ದೊಡ್ಡ ಸರ್ಕಾರಿ ಅನುದಾನ ತೆಗೆದುಕೊಂಡರೆ ಇದು ಕೈತಪ್ಪಬಹುದು. ನನ್ನ ಗೆಳೆಯನೊಬ್ಬನಿಗೆ ಹೀಗೇ ಆಯಿತು. ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಓದಿರಲಿಲ್ಲ. ಜೊತೆಗೆ ಅವನ ಕಂಪನಿ ನೋಂದಣಿ ಆಗಿ ಇಪ್ಪತ್ತೆರಡು ತಿಂಗಳಾಗಿತ್ತು, ಎರಡು ವರ್ಷದ ಮಿತಿಗೆ ಎರಡೇ ತಿಂಗಳು ಬಾಕಿ. ಸುಮ್ನೆ ಇರಲಿ ಎಂದು ಕಾಲೇಜಿನ ಕೊನೆಯ ವರ್ಷದಲ್ಲೇ ಪ್ರೈವೇಟ್ ಲಿಮಿಟೆಡ್ ಮಾಡಿಸಿಟ್ಟಿದ್ದ, ಗಡಿಯಾರ ಅಂದಿನಿಂದಲೇ ಓಡುತ್ತಿತ್ತು. ಕೆಲಸ ಶುರುವಾಗುವ ಮೊದಲು ಕಂಪನಿ ಮಾಡಿಸಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಈ ಸೀಡ್ ಫಂಡ್‌ನ ಇನ್ನೊಂದು ವಿಶೇಷ. ದುಡ್ಡು ಸರ್ಕಾರದ್ದು, ಆದರೆ ಆಯ್ಕೆ ಮಾಡಿ ಕೊಡುವುದು ಇನ್‌ಕ್ಯುಬೇಟರ್. ಒಂದೇ ಅರ್ಜಿಯಲ್ಲಿ ಮೂರು ಇನ್‌ಕ್ಯುಬೇಟರ್‌ಗಳನ್ನು ಇಷ್ಟದ ಕ್ರಮದಲ್ಲಿ ಹಾಕಬಹುದು. ಹಾಗಾದರೆ ಊರಿನ ಸಂಸ್ಥೆ ಮತ್ತು ಸರ್ಕಾರದ ದುಡ್ಡು ಎದುರುಬದುರು ಆಯ್ಕೆಗಳೇ ಅಲ್ಲ, ಒಂದರ ಮೂಲಕ ಇನ್ನೊಂದಕ್ಕೆ ಹೋಗುವ ದಾರಿ. ಎಲ್ಲ ಊರಿನ ಸಂಸ್ಥೆಗೂ ಈ ಯೋಜನೆ ಇರುವುದಿಲ್ಲ. ಮೊದಲ ಭೇಟಿಯಲ್ಲೇ ಕೇಳಿ: ಸೀಡ್ ಫಂಡ್ ಇದೆಯಾ, ಪ್ರಯಾಸ್ ಇದೆಯಾ, ಈ ವರ್ಷದ ದುಡ್ಡು ಉಳಿದಿದೆಯಾ? ಪ್ರಯಾಸ್ ಎಂದರೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ ಯೋಜನೆಯ ಭಾಗ, ಮಾದರಿ ಮಾಡಲು 10 ಲಕ್ಷದವರೆಗೆ ಕೊಡುತ್ತದೆ. ಕೈಯಲ್ಲಿ ಬರೀ ಐಡಿಯಾ ಮತ್ತು ಬೆಸುಗೆ ಗನ್ನು ಇರುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಮೆಟ್ಟಿಲು ನನಗೆ ಗೊತ್ತಿಲ್ಲ.

ಅನುದಾನದ ಬೆಲೆ ಏನು ಅಂದರೆ, ಕಾಗದ. ಮೂರು ಕೊಟೇಶನ್, ಬಳಕೆ ಪ್ರಮಾಣಪತ್ರ, ಚಾರ್ಟರ್ಡ್ ಅಕೌಂಟೆಂಟ್ ಸಹಿ. "ಮೋಟರ್ ಖರೀದಿ" ಎಂದು ಬರೆದ ದುಡ್ಡಲ್ಲಿ ಸೆನ್ಸರ್ ಕೊಳ್ಳುವಂತಿಲ್ಲ, ಕೊಳ್ಳಬೇಕಾದರೆ ಮೊದಲೇ ಅನುಮತಿ. ಸ್ಟಾರ್ಟಪ್ ಎಂದರೆ ಪ್ರತಿ ತಿಂಗಳೂ ಪ್ಲಾನ್ ಬದಲಾಗುವುದು ತಾನೇ? ಹಾಗಾಗಿ ಬಜೆಟ್ ಬರೆಯುವಾಗಲೇ ತಲೆಬರಹಗಳನ್ನು ಸ್ವಲ್ಪ ಅಗಲವಾಗಿ ಇಡಿ. ಮತ್ತು ಕಂತು ಬರುವವರೆಗೆ ನಡೆಸಿಕೊಂಡು ಹೋಗಲು ನಾಲ್ಕೈದು ತಿಂಗಳ ಖರ್ಚು ಬೇರೆ ಕಡೆಯಿಂದ ಇಟ್ಟುಕೊಳ್ಳಿ. ಅನುದಾನ ಮಂಜೂರಾಗಿದೆ ಎಂದು ಇಂಜಿನಿಯರನ್ನು ಕೆಲಸಕ್ಕೆ ತೆಗೆದುಕೊಂಡು, ಮೊದಲ ಸಂಬಳಕ್ಕೆ ಅಮ್ಮನ ಬಳೆ ಅಡವಿಟ್ಟವರನ್ನು ನೋಡಿದ್ದೇನೆ.

ಖಾಸಗಿ ಆಕ್ಸಲರೇಟರ್, ಏಂಜೆಲ್ ಹೂಡಿಕೆದಾರ

ಆಕ್ಸಲರೇಟರ್ ಎಂದರೆ ಕೆಲವು ವಾರ ತರಬೇತಿ ಕೊಟ್ಟು, ಪಾಲು ಪಡೆದು ದುಡ್ಡು ಹಾಕುವ ಸಂಸ್ಥೆ, ಏಂಜೆಲ್ ಎಂದರೆ ಆರಂಭದಲ್ಲೇ ಸ್ವಂತ ದುಡ್ಡು ಹಾಕುವ ವ್ಯಕ್ತಿ. ಇವರ ಲೆಕ್ಕ ಸರಳ. ದುಡ್ಡು ಹಾಕುತ್ತಾರೆ, ಹತ್ತು ಪಟ್ಟು ಬೇಕು. ಅದರಲ್ಲಿ ಮೋಸ ಏನಿಲ್ಲ. ವೇಗ ಇದೆ, ಪರಿಚಯಗಳಿವೆ, ಒಪ್ಪಿದರೆ ದುಡ್ಡು ಅನುದಾನದ ಕಂತಿಗಿಂತ ಬೇಗ ಬರುತ್ತದೆ. ಅಮೆರಿಕದ ವೈ ಕಾಂಬಿನೇಟರ್ 5 ಲಕ್ಷ ಡಾಲರ್ ಹಾಕುತ್ತದೆ, ಅದರಲ್ಲಿ 1.25 ಲಕ್ಷ ಡಾಲರಿಗೆ ಶೇ. 7ರಷ್ಟು ಪಾಲು, ಉಳಿದದ್ದು ಆಮೇಲೆ ಬರುವ ಹೂಡಿಕೆದಾರರ ಷರತ್ತಿನಲ್ಲೇ ಷೇರಾಗುತ್ತದೆ. ಇಲ್ಲಿನ ಸಣ್ಣ ಆಕ್ಸಲರೇಟರ್‌ಗಳು ಅದೇ ಶೇ. 7 ಕೇಳಿ ಕೊಡುವ ಮೊತ್ತ ಎಷ್ಟೋ ಕಡಿಮೆ ಇರುತ್ತದೆ. ಪರ್ಸೆಂಟನ್ನು ಒಂದೇ ನೋಡಬೇಡಿ, ಪಕ್ಕದಲ್ಲಿರುವ ರೂಪಾಯಿಯನ್ನೂ ನೋಡಿ.

ನಾವು ಬೆಂಗಳೂರಿನ ಒಂದು ಆಕ್ಸಲರೇಟರ್‌ಗೆ ಹನ್ನೆರಡು ವಾರ ಹೋದೆವು. ರಾತ್ರಿ ಬಸ್ಸು, ಬೆಳಿಗ್ಗೆ ಸೆಷನ್, ಮತ್ತೆ ರಾತ್ರಿ ಬಸ್ಸು. ಹನ್ನೆರಡು ವಾರದಲ್ಲಿ ನಮ್ಮ ಸ್ಲೈಡ್‌ಗಳು ತುಂಬಾ ಚಂದ ಆದವು. ಯಂತ್ರ ಇದ್ದ ಹಾಗೇ ಇತ್ತು. ಅವರ ತಪ್ಪು ಅಂತಲ್ಲ, ಅಲ್ಲಿ ಇದ್ದವರೆಲ್ಲ ಸಾಫ್ಟ್‌ವೇರಿನವರು, ವಾರಕ್ಕೆ ಹದಿನೈದು ಪರ್ಸೆಂಟ್ ಬೆಳೆಯಿರಿ ಎನ್ನುತ್ತಿದ್ದರು. ಮೆಣಸಿನಕಾಯಿ ವರ್ಷಕ್ಕೊಮ್ಮೆ ಬರುತ್ತದೆ ಸ್ವಾಮಿ! ಸುಗ್ಗಿ ಮುಗಿದರೆ ಮುಂದಿನ ಪರೀಕ್ಷೆಗೆ ಎಂಟು ತಿಂಗಳು ಕಾಯಬೇಕು. ಇದನ್ನು ಊರಿನ ಸಂಸ್ಥೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ನಿಮ್ಮದು ಸಾಫ್ಟ್‌ವೇರ್ ಆಗಿದ್ದರೆ, ಗ್ರಾಹಕರು ಪುಣೆಯಲ್ಲೋ ಸಿಂಗಾಪುರದಲ್ಲೋ ಇದ್ದರೆ, ಊರಿನ ಇನ್‌ಕ್ಯುಬೇಟರಿನಲ್ಲಿ ಕೂತು ಆರು ತಿಂಗಳು ಹಾಳು ಮಾಡಬೇಡಿ. ಅಲ್ಲಿನ ಲ್ಯಾಬ್ ನಿಮಗೆ ಬೇಕಿಲ್ಲ, ಹಳ್ಳಿಯ ಪರಿಚಯವೂ ಬೇಕಿಲ್ಲ. ಬಾಡಿಗೆ ಉಳಿಯುತ್ತದೆ ಅಷ್ಟೇ. ನೇರ ಹೂಡಿಕೆದಾರರ ಕಡೆ ಹೋಗಿ.

ಏಂಜೆಲ್ ದುಡ್ಡಿನ ಬಗ್ಗೆ ಒಂದು ಕಾನೂನಿನ ಮಾತು, ಊರಲ್ಲಿ ಬಹಳ ಜನ ಇದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮಾವನೋ, ಪರಿಚಯದ ಅಡಿಕೆ ವ್ಯಾಪಾರಿಯೋ 5 ಲಕ್ಷ ಕೊಟ್ಟು "ಆಮೇಲೆ ಷೇರು ಕೊಡು" ಎನ್ನುತ್ತಾರೆ. ಇಂಟರ್ನೆಟ್ಟಿನಿಂದ ಕನ್ವರ್ಟಿಬಲ್ ನೋಟ್, ಅಂದರೆ ಆಮೇಲೆ ಷೇರಾಗುವ ಸಾಲದ ಕಾಗದ ಇಳಿಸಿಕೊಂಡು ಸಹಿ ಹಾಕುತ್ತಾರೆ. ನಮ್ಮ ದೇಶದ ನಿಯಮದಲ್ಲಿ ಕನ್ವರ್ಟಿಬಲ್ ನೋಟ್ ಎಂದು ಒಪ್ಪಬೇಕಾದರೆ ಮಾನ್ಯತೆ ಪಡೆದ ಸ್ಟಾರ್ಟಪ್ ಆಗಿರಬೇಕು, ಒಬ್ಬರಿಂದ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಬರಬೇಕು. ಇಲ್ಲದಿದ್ದರೆ ಅದು ಠೇವಣಿಯ ನಿಯಮಗಳ ತಂಟೆಗೆ ಹೋಗಬಹುದು. ಸಣ್ಣ ಮೊತ್ತಕ್ಕೆ ಬೇರೆ ದಾರಿಗಳಿವೆ, ಒಬ್ಬ ಕಂಪನಿ ಸೆಕ್ರೆಟರಿಗೆ ಫೀಸು ಕೊಟ್ಟು ಕೇಳಿ. ಆ ಫೀಸು ಉಳಿಸಲು ಹೋಗಬೇಡಿ.

ಹಾಗಾದರೆ ಯಾವುದು?

ಕೈಯಲ್ಲಿ ಮುಟ್ಟುವ ವಸ್ತು ಮಾಡುತ್ತಿದ್ದೀರಿ, ಕೊಳ್ಳುವವರು ನೂರು ಕಿಲೋಮೀಟರ್ ಒಳಗಿದ್ದಾರೆ ಎಂದರೆ ಊರಿನ ಸಂಸ್ಥೆಯೇ ಮೊದಲು. ದುಡ್ಡು ಕೊಡದಿದ್ದರೂ ಸರಿ. ಅದರ ಒಳಗಿಂದ ಪ್ರಯಾಸ್, ಆಮೇಲೆ ಸೀಡ್ ಫಂಡ್, ಆಮೇಲೆ ಎಲಿವೇಟ್ ಎಂಬ ಕ್ರಮ ನನಗೆ ಸರಿ ಕಾಣುತ್ತದೆ. ಯಾವ ಯೋಜನೆಗೆ ಆಗ ಅರ್ಜಿ ತೆರೆದಿದೆ, 10 ಲಕ್ಷದ ಮಿತಿಗೆ ಯಾವುದು ಸೇರುತ್ತದೆ ಎಂದು ಪ್ರತಿ ಸಲ ಹೊಸದಾಗಿ ನೋಡಿಕೊಳ್ಳಿ. ಪರೀಕ್ಷಾ ಯಂತ್ರ ಬೇಕಾದ ವಿಜ್ಞಾನದ ಕೆಲಸವಾದರೆ ಕಾಲೇಜು. ಬೇಗ ಬೆಳೆಯುವ ಸಾಫ್ಟ್‌ವೇರ್ ಆದರೆ ಹೂಡಿಕೆದಾರ. ಇನ್ನೂ ಐಡಿಯಾ ಮಾತ್ರ ಇದೆ, ಕೆಲಸ ಬಿಡಲಾ ಎಂದು ಯೋಚಿಸುತ್ತಿದ್ದೀರಾ? ಬಿಡಬೇಡಿ. ಶನಿವಾರ ಹೋಗಿ ಲ್ಯಾಬಿನಲ್ಲಿ ಕೂತು ಬನ್ನಿ, ಮೂರು ತಿಂಗಳು.

ಸೇರುವ ಮೊದಲು ಒಂದು ಕೆಲಸ ತಪ್ಪದೆ ಮಾಡಿ. ಗೋಡೆಯ ಮೇಲಿನ ಲೋಗೋಗಳನ್ನು ನೋಡಬೇಡಿ, ಗೆದ್ದವರು ಎಲ್ಲಿದ್ದರೂ ಗೆಲ್ಲುತ್ತಿದ್ದರೇನೋ. ಅಲ್ಲಿಂದ ಹೊರಬಂದು ಕಂಪನಿ ಮುಚ್ಚಿದ ಇಬ್ಬರ ನಂಬರ್ ಕೇಳಿ. ನಾವು ಸೇರಿದ ಸಂಸ್ಥೆಯ ಮ್ಯಾನೇಜರು ಈ ಮಾತು ಕೇಳಿ ಒಂದು ಕ್ಷಣ ಸುಮ್ಮನಾದರು, ಆಮೇಲೆ ಫೋನ್ ತೆಗೆದು ಮೂರು ನಂಬರ್ ಕೊಟ್ಟರು. ಮೂರನೆಯವನು ಹಾಲಿನ ಸೆನ್ಸರ್ ಮಾಡಿ ಕೈಸುಟ್ಟುಕೊಂಡವನು, ಒಂದೂವರೆ ಗಂಟೆ ಮಾತಾಡಿದ. ಸಂಸ್ಥೆಯನ್ನು ಬೈದದ್ದು ಎರಡು ನಿಮಿಷ, ಉಳಿದ ಹೊತ್ತೆಲ್ಲ ಡಬ್ಬಿಯೊಳಗೆ ನೀರು ಹೋಗದ ಹಾಗೆ ಮಾಡುವುದು ಹೇಗೆ ಎಂದು ಹೇಳಿದ. ಪುಡಿಯ ವಿಷಯ ಅವನಿಗೂ ಹೊಳೆದಿರಲಿಲ್ಲ, ಬಿಡಿ. ನಾವು ಮಾರನೇ ದಿನವೇ ಹೋಗಿ ಅಲ್ಲಿ ಸಹಿ ಹಾಕಿದೆವು.